ಓದುಗರ ಪ್ರಶ್ನೆ, ನಮ್ಮ ಉತ್ತರ: ಅಂಗವಿಕಲರ ಬದುಕನ್ನು ಅವರಿಂದಲೇ ಕೇಳಿ ದಾಖಲಿಸುವುದು

ಅಂಗವಿಕಲ ವ್ಯಕ್ತಿಗಳ ನೆನಪುಗಳನ್ನು ಅವರಿಂದಲೇ ಕೇಳಿ ಮುಂದಿನವರಿಗಾಗಿ ಉಳಿಸಬೇಕೆಂಬ ಆಸೆಯಿಂದ ಹಲವು ಓದುಗರು ಪತ್ರ ಬರೆದಿರುವುದರಿಂದ, ಈ ಸಂಚಿಕೆಯ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿನಿ. ಹಿರಿಯ ಅಂಗವಿಕಲರ ನೆನಪುಗಳನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡಬೇಕೆಂದಿದ್ದೇನೆ. ಆಸ್ಪತ್ರೆ, ವಿಶೇಷ ಶಾಲೆ, ಪುನರ್ವಸತಿ ಕೇಂದ್ರಗಳಲ್ಲಿ ಅವರ ಬಗ್ಗೆ ಬೇಕಾದಷ್ಟು ಕಡತಗಳಿರುವಾಗ ಇದರ ಅಗತ್ಯವೇನು ಎಂದು ನನ್ನ ಮಾರ್ಗದರ್ಶಕರು ಕೇಳುತ್ತಿದ್ದಾರೆ. ಏನು ಉತ್ತರಿಸಲಿ? ಎಲ್ಲಿಂದ ಆರಂಭಿಸಲಿ?

ಉತ್ತರ: ಕಡತಗಳಿರುವುದು ನಿಜ. ಆದರೆ ಅವುಗಳನ್ನು ಬರೆದವರು ಯಾರು ಎಂಬುದನ್ನು ಮೊದಲು ನೋಡಬೇಕಾಗುತ್ತದೆ. ಆಸ್ಪತ್ರೆಯ ಕಡತವನ್ನು ವೈದ್ಯರು ಬರೆದರು, ಶಾಲೆಯ ವರದಿಯನ್ನು ಶಿಕ್ಷಕರು ಬರೆದರು, ಆಶ್ರಯಧಾಮದ ದಾಖಲಾತಿ ಪುಸ್ತಕವನ್ನು ಅಲ್ಲಿನ ಮೇಲ್ವಿಚಾರಕರು ಬರೆದರು. ಶಸ್ತ್ರಚಿಕಿತ್ಸೆ ನಡೆದ ದಿನಾಂಕ ಅದರಲ್ಲಿ ಸಿಗುತ್ತದೆ. ಆ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಮಗುವಿಗೆ ಯಾರಾದರೂ ವಿಷಯ ತಿಳಿಸಿದ್ದರೇ, ಮನೆಯವರು ಹೊರಟು ಹೋದ ಮೇಲೆ ಪಕ್ಕದ ಹಾಸಿಗೆಯ ಹುಡುಗಿ ಏನು ಹೇಳಿ ಸಮಾಧಾನ ಮಾಡಿದಳು ಎಂಬುದು ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರು, ಅಂದರೆ ಆರು ಮಂದಿಯಲ್ಲಿ ಒಬ್ಬರು, ಗಣನೀಯ ಅಂಗವೈಕಲ್ಯದೊಂದಿಗೆ ಬದುಕುತ್ತಿದ್ದಾರೆ. ಇಷ್ಟು ದೊಡ್ಡ ಜನಸಮುದಾಯದ ಇತಿಹಾಸವು ಇತರರು ಅವರ ಬಗ್ಗೆ ಬರೆದ ಟಿಪ್ಪಣಿಗಳಲ್ಲಿ ಮಾತ್ರ ಉಳಿದರೆ, ಅದು ಚಿಕಿತ್ಸೆಯ ಇತಿಹಾಸವಾಗುತ್ತದೆಯೇ ಹೊರತು ಬದುಕಿನ ಇತಿಹಾಸವಾಗುವುದಿಲ್ಲ.

ನಿಮ್ಮ ಮಾರ್ಗದರ್ಶಕರಿಗೆ ಒಂದು ಉದಾಹರಣೆ ಕೊಡಿ. ಅಮೆರಿಕದ 1973ರ ಪುನರ್ವಸತಿ ಕಾಯ್ದೆಯ 504ನೇ ಕಲಮು, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂದು ಹೇಳಿತು. ಆದರೆ ನಾಲ್ಕು ವರ್ಷ ಕಳೆದರೂ ಅದನ್ನು ಜಾರಿಗೆ ತರುವ ನಿಯಮಗಳಿಗೆ ಸಹಿ ಬೀಳಲಿಲ್ಲ. 1977ರ ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಚೇರಿಯೊಂದನ್ನು ಪ್ರವೇಶಿಸಿದ ಅಂಗವಿಕಲ ಚಳವಳಿಗಾರರು, ಜೂಡಿತ್ ಹ್ಯೂಮನ್ ಮುಂತಾದವರ ನೇತೃತ್ವದಲ್ಲಿ, ವಾರಗಟ್ಟಲೆ ಅಲ್ಲಿಂದ ಕದಲಲಿಲ್ಲ. ಏಪ್ರಿಲ್ 28ರಂದು ಸಹಿಯಾಯಿತು. ಕಾಯ್ದೆಯ ಪಠ್ಯವೂ ಸಹಿಯ ದಿನಾಂಕವೂ ಯಾವ ಗ್ರಂಥಾಲಯದಲ್ಲಾದರೂ ದೊರೆಯುತ್ತವೆ. ಕಟ್ಟಡದ ದೂರವಾಣಿ ಸಂಪರ್ಕ ಕಡಿದುಹೋದಾಗ ಕಿವುಡ ಚಳವಳಿಗಾರರು ಕಿಟಕಿಯ ಬಳಿ ನಿಂತು ಹೊರಗಿದ್ದವರಿಗೆ ಸಂಜ್ಞಾ ಭಾಷೆಯಲ್ಲಿ ಸುದ್ದಿ ಮುಟ್ಟಿಸಿದ್ದು, ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಒಳಗಿದ್ದವರಿಗೆ ಬಿಸಿ ಊಟ ತಂದುಕೊಟ್ಟದ್ದು, ತಮ್ಮ ನಿತ್ಯದ ಸಹಾಯಕರಿಲ್ಲದವರನ್ನು ಜೊತೆಗಾರರೇ ನೋಡಿಕೊಂಡದ್ದು, ಇವೆಲ್ಲ ಇಷ್ಟು ವಿವರವಾಗಿ ಉಳಿದಿರುವುದು ಅಲ್ಲಿದ್ದವರು ಹೇಳಿದ್ದರಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿರುವ ಬ್ಯಾಂಕ್ರಾಫ್ಟ್ ಗ್ರಂಥಾಲಯವು ಈ ಚಳವಳಿಯ ಮಂದಿಯ ದೀರ್ಘ ಸಂದರ್ಶನಗಳನ್ನು ಸಂಗ್ರಹಿಸಿದೆ. ಸಂದರ್ಶನ ನಡೆಸಿದವರಲ್ಲಿ ಸ್ವತಃ ಅಂಗವಿಕಲರಾದವರೂ ಇದ್ದರು ಎಂಬುದನ್ನು ಗಮನಿಸಿ, ಏಕೆಂದರೆ ಅದು ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರವಾಗಿದೆ. ನೀವು ಅಂಗವಿಕಲರಲ್ಲದಿದ್ದರೆ, ಅಧ್ಯಯನದ ರೂಪುರೇಷೆ ಹಾಕುವ ಹಂತದಲ್ಲಿಯೇ ಅಂಗವಿಕಲರೊಬ್ಬರನ್ನು ಸಹವರ್ತಿಯಾಗಿ ಸೇರಿಸಿಕೊಳ್ಳಿ; ಪ್ರಶ್ನೆಗಳೆಲ್ಲ ಸಿದ್ಧವಾದ ಮೇಲೆ ಅಭಿಪ್ರಾಯ ಕೇಳುವುದಕ್ಕಲ್ಲ, ಯಾವ ಪ್ರಶ್ನೆ ಕೇಳತಕ್ಕದ್ದು ಎಂಬುದನ್ನು ಜೊತೆಗೆ ಕೂತು ನಿರ್ಧರಿಸುವುದಕ್ಕೆ.

ಮೊದಲ ಭೇಟಿಯಲ್ಲಿ ಯಂತ್ರವನ್ನು ಹೊರತೆಗೆಯಬೇಡಿ. ಯಾವ ಹೊತ್ತಿನಲ್ಲಿ ಮಾತನಾಡುವುದು ಅವರಿಗೆ ಹಗುರ, ಎಷ್ಟು ಹೊತ್ತಿಗೆ ದಣಿವಾಗುತ್ತದೆ, ಮಾತುಕತೆಯ ಸ್ಥಳದ ಬಾಗಿಲು ಮತ್ತು ಶೌಚಾಲಯ ಗಾಲಿಕುರ್ಚಿಗೆ ಅನುಕೂಲವಾಗಿವೆಯೇ, ಜೊತೆಗೆ ಯಾರಿರಬೇಕು, ಯಾರಿರಬಾರದು ಎಂಬುದನ್ನು ಕೇಳಿ ತಿಳಿಯಿರಿ. ಸಂದರ್ಶನವನ್ನು "ನಿಮಗೆ ಏನಾಗಿದೆ?" ಎಂಬ ಪ್ರಶ್ನೆಯಿಂದ ಆರಂಭಿಸಲೇಬೇಡಿ. ಆ ಪ್ರಶ್ನೆಗೆ ಅವರು ಜೀವನವಿಡೀ ವೈದ್ಯರಿಗೂ ಅಪರಿಚಿತರಿಗೂ ಉತ್ತರ ಕೊಟ್ಟು ಕೊಟ್ಟು, ಬಾಯಿಪಾಠವಾದ ಒಂದು ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ. ಬಾಲ್ಯದ ಜಗಳಗಳು, ಗೆಳೆತನ, ಮೊದಲ ಸಲ ಒಬ್ಬರೇ ಹೊರಗೆ ಹೋದ ದಿನ, ಮೊದಲ ಸಂಬಳ, ಪ್ರೀತಿ, ಊರುಗೋಲನ್ನೋ ಕೃತಕ ಕಾಲನ್ನೋ ತಮಗೆ ಒಗ್ಗುವಂತೆ ತಾವೇ ತಿದ್ದಿಕೊಂಡ ಬಗೆ, ಇವುಗಳ ಬಗ್ಗೆ ಕೇಳಿ. ಅಂಗವೈಕಲ್ಯದ ಮಾತು ಅದರ ನಡುವೆ ತನ್ನ ಜಾಗದಲ್ಲಿ ತಾನಾಗಿ ಬರುತ್ತದೆ.

ಪ್ರಶ್ನೆ: ನಮ್ಮ ಸೋದರತ್ತೆ ಹುಟ್ಟಿನಿಂದ ಕಿವುಡರು. ಸಂಜ್ಞಾ ಭಾಷೆಯಲ್ಲಿ ಅದ್ಭುತವಾಗಿ ಕಥೆ ಹೇಳುತ್ತಾರೆ. ನನ್ನಲ್ಲಿ ಒಳ್ಳೆಯ ಧ್ವನಿಮುದ್ರಣ ಯಂತ್ರವಿದೆ. ಅವರ ಮಾತನ್ನು ನಾನು ಬಾಯಲ್ಲಿ ಹೇಳುತ್ತ ಹೋಗಿ ಅದನ್ನು ಮುದ್ರಿಸಿಕೊಂಡರೆ ಸಾಕೇ?

ಉತ್ತರ: ಸಾಲದು. ಹಾಗೆ ಮಾಡಿದರೆ ಉಳಿಯುವುದು ನಿಮ್ಮ ಧ್ವನಿ, ನಿಮ್ಮ ಪದಗಳು. ಅತ್ತೆಯವರು ಹೇಳಿದ್ದು ಒಂದು ಕ್ಷಣವೂ ಉಳಿಯುವುದಿಲ್ಲ. ಕೈಯ ಚಲನೆಯಲ್ಲಿ ಮಾತ್ರವಲ್ಲ, ಹುಬ್ಬು, ಕಣ್ಣಿನ ದಿಕ್ಕು, ಭುಜದ ಓಲಾಟ, ದೇಹದ ಮುಂದಿನ ಜಾಗದಲ್ಲಿ ಯಾರನ್ನು ಎಲ್ಲಿ ನಿಲ್ಲಿಸಿ ತೋರಿಸಿದರು ಎಂಬುದರಲ್ಲಿ ಆ ಭಾಷೆಯ ವ್ಯಾಕರಣವಿದೆ. ಆದ್ದರಿಂದ ವಿಡಿಯೊ ಅನಿವಾರ್ಯ.

ಕಿವುಡರು ಇದನ್ನು ಬಹಳ ಹಿಂದೆಯೇ ಮನಗಂಡಿದ್ದರು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು, ಕಿವುಡ ಮಕ್ಕಳಿಗೆ ತುಟಿಚಲನೆ ನೋಡಿ ಮಾತು ಕಲಿಸುವುದೇ ಶ್ರೇಷ್ಠವೆಂದು ನಿರ್ಣಯಿಸಿ, ತರಗತಿಗಳಿಂದ ಸಂಜ್ಞಾ ಭಾಷೆಯನ್ನು ಹೊರಗಟ್ಟಲು ದಾರಿ ಮಾಡಿತು. ಮತ ಹಾಕಿದವರು ಬಹುಪಾಲು ಕೇಳಬಲ್ಲವರೇ ಆಗಿದ್ದರು. ತಮ್ಮ ಭಾಷೆ ಕಣ್ಮರೆಯಾದೀತೆಂಬ ಆತಂಕದಿಂದ ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘವು, ಚಲನಚಿತ್ರ ತಂತ್ರ ಇನ್ನೂ ಎಳೆಯದಾಗಿದ್ದಾಗಲೇ ಹಣ ಕೂಡಿಸಿ, ಉತ್ತಮ ಸಂಜ್ಞಾಕಾರರ ಭಾಷಣಗಳನ್ನು ಚಿತ್ರೀಕರಿಸಿತು. ಅವುಗಳಲ್ಲಿ ಜಾರ್ಜ್ ವೆಡಿಟ್ಜ್ ಅವರ 1913ರ ಭಾಷಣ ಪ್ರಸಿದ್ಧವಾದದ್ದು. ಮೂಕಿಚಿತ್ರವಾದರೂ ಅದು ಕಿವುಡರಿಗೆ ಇಂದಿಗೂ ನೇರವಾಗಿ ಅರ್ಥವಾಗುತ್ತದೆ. 2010ರಲ್ಲಿ ಅದನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆ ಪಟ್ಟಿಗೆ ಸೇರಿಸಲಾಯಿತು. ಅದೇ ವರ್ಷ ವ್ಯಾಂಕೂವರ್‌ನಲ್ಲಿ ನಡೆದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನವು ಮಿಲಾನ್ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ಒಂದು ಶತಮಾನಕ್ಕೂ ಹೆಚ್ಚು ಕಾಲದ ನಡುವಿನ ತಲೆಮಾರುಗಳು ಶಾಲೆಯಲ್ಲಿ ಕೈ ಕಟ್ಟಿಸಿಕೊಂಡು ಕೂತದ್ದು, ಮೇಷ್ಟ್ರು ಇಲ್ಲದ ಹೊತ್ತಿನಲ್ಲಿ ವಸತಿನಿಲಯದಲ್ಲಿ ಒಬ್ಬರಿಂದ ಒಬ್ಬರು ಸಂಜ್ಞೆ ಕಲಿತದ್ದು ನಿಮ್ಮ ಅತ್ತೆಯವರಂಥ ಹಿರಿಯರ ನೆನಪಿನಲ್ಲಿ ಇರಬಹುದು. ಕೇಳಿ ನೋಡಿ.

ಚಿತ್ರೀಕರಿಸುವಾಗ ತಲೆಯ ಮೇಲೆ ಸ್ವಲ್ಪ ಜಾಗ ಬಿಟ್ಟು ಸೊಂಟದವರೆಗೆ, ಎರಡೂ ಮೊಣಕೈ ಚಾಚಿದರೂ ಚೌಕಟ್ಟಿನೊಳಗೇ ಇರುವಂತೆ ನೋಡಿಕೊಳ್ಳಿ. ಭಾವ ತೀವ್ರವಾದಾಗ ಮುಖದ ಹತ್ತಿರಕ್ಕೆ ಹೋಗುವ ಅಭ್ಯಾಸ ಕ್ಯಾಮೆರಾ ಹಿಡಿದವರಿಗೆ ಇರುತ್ತದೆ. ಇಲ್ಲಿ ಅದು ವಾಕ್ಯದ ಅರ್ಧವನ್ನು ಕತ್ತರಿಸಿದಂತೆ. ಬೆಳಕು ಅವರ ಮುಖದ ಮೇಲಿರಲಿ, ಬೆನ್ನ ಹಿಂದೆ ಕಿಟಕಿ ಬೇಡ. ಹಿನ್ನೆಲೆ ಮತ್ತು ಉಡುಪು ಮೈಬಣ್ಣಕ್ಕಿಂತ ಬೇರೆಯಾದ, ಚಿತ್ತಾರವಿಲ್ಲದ ಬಣ್ಣದ್ದಾಗಿದ್ದರೆ ಕೈಗಳು ಸ್ಪಷ್ಟವಾಗಿ ಕಾಣುತ್ತವೆ. ಸಾಧ್ಯವಾದರೆ ಎರಡನೆಯ ಕ್ಯಾಮೆರಾವನ್ನು ಪ್ರಶ್ನೆ ಕೇಳುವವರ ಕಡೆಗೂ ಇಡಿ, ಏಕೆಂದರೆ ಪ್ರಶ್ನೆಯೂ ಕೈಯಲ್ಲಿಯೇ ಇರುತ್ತದೆ. ಪ್ರಶ್ನೆ ಕೇಳುವವರು ಕಿವುಡರೇ ಆಗಿದ್ದರೆ ಅತ್ಯುತ್ತಮ. ದುಭಾಷಿಯ ಮುಂದೆ ಜನ ತಮ್ಮ ಭಾಷೆಯನ್ನು ಸರಳಗೊಳಿಸಿಕೊಳ್ಳುತ್ತಾರೆ, ತಮ್ಮವರ ಮುಂದೆ ಹಾಗೆ ಮಾಡುವುದಿಲ್ಲ. ನಿಮ್ಮ ಅನುವಾದವನ್ನು ಬೇರೆ ಕಡತವಾಗಿ, ಅನುವಾದಿಸಿದವರ ಹೆಸರಿನೊಂದಿಗೆ ಇಡಿ. ನೆದರ್ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯು ರೂಪಿಸಿರುವ ಎಲಾನ್ ಎಂಬ ಉಚಿತ ತಂತ್ರಾಂಶದಲ್ಲಿ ವಿಡಿಯೊದ ಕೆಳಗೆ, ಯಾವ ಕ್ಷಣದಲ್ಲಿ ಯಾವ ಸಂಜ್ಞೆ ಬಂತೆಂದು ಸಾಲುಸಾಲಾಗಿ ಬರೆಯಬಹುದು. ಮುಂದೆ ಬೇರೊಬ್ಬರು ನಿಮ್ಮ ಅನುವಾದವನ್ನು ಒಪ್ಪದೆ ಹೋದರೂ ಮೂಲ ಅಲ್ಲಿಯೇ ಇರುತ್ತದೆ.

ಪ್ರಶ್ನೆ: ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಚಲನೆಯ ಹತೋಟಿ ಕುಂದುವ ಸ್ಥಿತಿ) ಇರುವ ನನ್ನ ಗೆಳೆಯನ ಮಾತು ಹೊಸಬರಿಗೆ ಅರ್ಥವಾಗುವುದಿಲ್ಲ. ಕಷ್ಟದ ಪದಗಳನ್ನು ಅಕ್ಷರಫಲಕದ ಮೇಲೆ ಬೆರಳಿಟ್ಟು ತೋರಿಸುತ್ತಾನೆ. ಯಾರು ಏನು ಕೇಳಿದರೂ ಅವನ ತಾಯಿಯೇ ಉತ್ತರಿಸುತ್ತಾರೆ. ಅವರು ಒಳ್ಳೆಯವರು, ಅವನ ಬದುಕನ್ನೆಲ್ಲ ಬಲ್ಲವರು. ಇಂಥ ಸಂದರ್ಶನವನ್ನು ಹೇಗೆ ಮಾಡುವುದು?

ಉತ್ತರ: ತಾಯಿಯವರನ್ನೂ ಸಂದರ್ಶಿಸಿ, ಆದರೆ ಬೇರೆಯಾಗಿ, ಇನ್ನೊಂದು ದಿನ. ಅವರದು ಅವರದೇ ಇತಿಹಾಸ. ಆರೈಕೆಯಲ್ಲಿ ಕಳೆದ ವರ್ಷಗಳು, ತೆಗೆದುಕೊಂಡ ನಿರ್ಧಾರಗಳು, ನೆರೆಹೊರೆಯವರ ಮಾತು, ಇವೆಲ್ಲ ದಾಖಲಾಗಬೇಕಾದ ಸಂಗತಿಗಳೇ. ಇದನ್ನು ಅವರಿಗೆ ಮುಂಚಿತವಾಗಿ ಹೇಳಿದರೆ ಮಗನ ಸಂದರ್ಶನದಿಂದ ತಮ್ಮನ್ನು ದೂರವಿಟ್ಟರೆಂಬ ನೋವು ಅವರಿಗಾಗುವುದಿಲ್ಲ. ಮಗನ ಸರದಿಯಲ್ಲಿ ಮಾತ್ರ ಕೋಣೆಯಲ್ಲಿ ಅವನೂ ನೀವೂ ಇರಿ, ಅಥವಾ ಅವನ ಮಾತನ್ನು ಬಲ್ಲ, ಅವನೇ ಆರಿಸಿದ ಒಬ್ಬರು ಜೊತೆಗಿರಲಿ. ಅವರು ಅವನು ಹೇಳಿದ್ದನ್ನು ಪುನರುಚ್ಚರಿಸಬೇಕು, ವಿವರಿಸಕೂಡದು. ಪ್ರತಿ ವಾಕ್ಯದ ನಂತರ "ಇದೇ ತಾನೇ ನೀನು ಹೇಳಿದ್ದು?" ಎಂದು ಕೇಳಿ, ಅವನು ಹೌದು ಅಥವಾ ಅಲ್ಲ ಎಂದ ಮೇಲೆ ಮುಂದುವರಿಯಬೇಕು. ಆ ಕೇಳಿಕೆಯೂ ಉತ್ತರವೂ ಮುದ್ರಣದಲ್ಲಿರಲಿ.

ಇಂಥ ಸಂದರ್ಶನದಲ್ಲಿ ಒಂದು ಗಂಟೆಗೆ ಬರುವ ಪದಗಳು ಕಡಿಮೆ. ಅದನ್ನು ಮೊದಲೇ ಒಪ್ಪಿಕೊಂಡು ಸಮಯವನ್ನು ಹಂಚಿಕೊಳ್ಳಿ. ಅವನು ಫಲಕದ ಮೇಲೆ ಮೂರು ಅಕ್ಷರ ತೋರಿಸುವಷ್ಟರಲ್ಲಿ ನಾಲ್ಕನೆಯದನ್ನು ನೀವು ಊಹಿಸಬಲ್ಲಿರಿ. ಆದರೂ, ಊಹಿಸಿ ಹೇಳು ಎಂದು ಅವನೇ ಹೇಳಿರದಿದ್ದರೆ, ಆ ಪದವನ್ನು ನೀವು ಮುಗಿಸಬಾರದು. ಊಹೆ ಹತ್ತು ಸಲ ಸರಿಯಾಗಿದ್ದು ಹನ್ನೊಂದನೆಯ ಸಲ ತಪ್ಪಾದಾಗ, ತಿದ್ದುವ ಶ್ರಮಕ್ಕಿಂತ ಸುಮ್ಮನಿರುವುದೇ ಮೇಲೆಂದು ಅನೇಕರು ನಿಮ್ಮ ಪದವನ್ನೇ ಒಪ್ಪಿಕೊಂಡುಬಿಡುತ್ತಾರೆ. ಹಾಗೆ ಸೇರಿಕೊಂಡ ಪದ ದಾಖಲೆಯಲ್ಲಿ ಅವರದೆಂದೇ ಉಳಿಯುತ್ತದೆ. ಪ್ರಶ್ನೆಗಳನ್ನು ಕೆಲವು ದಿನ ಮುಂಚೆಯೇ ಕೊಡುವುದು ಒಳ್ಳೆಯದು. ಅವನು ದೀರ್ಘ ಉತ್ತರಗಳನ್ನು ಬಿಡುವಿನಲ್ಲಿ ಸಿದ್ಧಪಡಿಸಿಕೊಂಡು ಬಂದು ಓದಿಸಬಹುದು ಅಥವಾ ಮಾತನಾಡುವ ಸಾಧನದಲ್ಲಿ ಕೇಳಿಸಬಹುದು. ಬರೆದು ತಂದ ಉತ್ತರ ಮೌಖಿಕ ಇತಿಹಾಸವಾಗುವುದಿಲ್ಲ ಎಂದು ವಾದಿಸುವವರಿದ್ದರೆ ಅವರ ಮಾತಿಗೆ ಕಿವಿಗೊಡಬೇಕಿಲ್ಲ. ಸಂವಹನವೆಂದರೆ ಬಾಯಿಮಾತು ಮಾತ್ರವಲ್ಲ, ಸಂಜ್ಞಾ ಭಾಷೆ, ಬ್ರೈಲ್, ಪರ್ಯಾಯ ಸಾಧನಗಳೂ ಹೌದು ಎಂಬುದನ್ನು ವಿಶ್ವಸಂಸ್ಥೆಯು 2006ರ ಡಿಸೆಂಬರ್ 13ರಂದು ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯೇ ಸ್ಪಷ್ಟಪಡಿಸಿದೆ.

ಅಕ್ಷರರೂಪಕ್ಕೆ ಇಳಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಡಿ. ಮಾತನ್ನು ಬರಹವಾಗಿಸುವ ತಂತ್ರಾಂಶಗಳು ಬಹುತೇಕ ಅಡೆತಡೆಯಿಲ್ಲದ ಮಾತಿನ ಮೇಲೆ ತರಬೇತಿ ಪಡೆದಿರುವುದರಿಂದ, ಇಂಥ ಮಾತನ್ನು ಕೇಳಿದಾಗ ಪದಗಳನ್ನು ಬಿಡುತ್ತವೆ ಅಥವಾ ಇಲ್ಲದ ಪದಗಳನ್ನು ಸೇರಿಸುತ್ತವೆ. ಅವನ ಮಾತನ್ನು ಬಲ್ಲವರು ಬರೆಯಲಿ, ಬರೆದುದನ್ನು ಅವನು ಪರಿಶೀಲಿಸಲಿ. ಮೂಲ ಧ್ವನಿಯನ್ನು ಮಾತ್ರ "ಸ್ವಚ್ಛ" ಮಾಡಬೇಡಿ. ಉಸಿರು, ತಡೆ, ಮೌನ, ಫಲಕದ ಮೇಲೆ ಬೆರಳು ತಾಕುವ ಸದ್ದು ಅವನ ಹೇಳುವ ರೀತಿಗೆ ಸೇರಿದವು.

ಪ್ರಶ್ನೆ: ಯಾವ ಯಂತ್ರ ಕೊಳ್ಳಬೇಕು? ಮೊಬೈಲ್ ಸಾಕೇ?

ಉತ್ತರ: ಒಳ್ಳೆಯ ಮೊಬೈಲ್ ಸಾಕು, ಆದರೆ ಅಂಗಿಗೆ ಸಿಕ್ಕಿಸುವ ಮೈಕನ್ನು ಸೇರಿಸಿ. ಧ್ವನಿಯನ್ನು ಕುಗ್ಗಿಸಿ ಇಡುವ ಎಂಪಿ3 ಬದಲು ಕುಗ್ಗಿಸದೆ ಇಡುವ ಡಬ್ಲ್ಯುಎವಿ ಸ್ವರೂಪದಲ್ಲಿ, 48 ಕಿಲೊಹರ್ಟ್ಜ್, 24 ಬಿಟ್ ಗುಣಮಟ್ಟದಲ್ಲಿ ಮುದ್ರಿಸಿ. ದಾಖಲೆಗಳನ್ನು ಕಾಯ್ದಿಡುವ ಸಂಗ್ರಹಾಲಯಗಳು ಬಯಸುವುದು ಇದನ್ನೇ. ಉಸಿರಾಟದ ಯಂತ್ರ ಬಳಸುವವರಿದ್ದರೆ ಅದರ ಸದ್ದು ಕಡಿಮೆ ಬೀಳುವ ಬದಿಯಲ್ಲಿ ಮೈಕ್ ಇಡಿ, ಯಂತ್ರವನ್ನು ಆರಿಸಲು ಎಂದಿಗೂ ಕೇಳಬೇಡಿ. ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಕಟ್ಟಡದಲ್ಲಿ ಇಡಿ.

ಪ್ರಶ್ನೆ: ಬೌದ್ಧಿಕ ಅಂಗವೈಕಲ್ಯವಿರುವ ಹಿರಿಯರ ವಸತಿಗೃಹವೊಂದರಲ್ಲಿ ನಾನು ಸ್ವಯಂಸೇವಕ. ಅವರಲ್ಲಿ ಕೆಲವರು ದಶಕಗಳ ಕಾಲ ದೊಡ್ಡ ಸಂಸ್ಥೆಗಳಲ್ಲಿ ಇದ್ದವರು. ಅವರ ಕಥೆ ಕೇಳಬೇಕೆಂದರೆ, "ಅವರಿಗೆ ಇಸವಿ ನೆನಪಿರುವುದಿಲ್ಲ, ಒಪ್ಪಿಗೆಯ ಅರ್ಥವೂ ತಿಳಿಯುವುದಿಲ್ಲ" ಎನ್ನುತ್ತಾರೆ ಮೇಲ್ವಿಚಾರಕರು. ಇದು ಸರಿಯೇ?

ಉತ್ತರ: ಇಸವಿ ನೆನಪಿರದ ಮನುಷ್ಯನಿಗೆ ಇತಿಹಾಸವಿಲ್ಲ ಎಂದಾದರೆ ನಮ್ಮಲ್ಲಿ ಅನೇಕರಿಗೆ ಇತಿಹಾಸವಿರುವುದಿಲ್ಲ. ಇಂಗ್ಲೆಂಡಿನ ಮೇಬಲ್ ಕೂಪರ್ ಅವರ ಉದಾಹರಣೆಯನ್ನು ಮೇಲ್ವಿಚಾರಕರಿಗೆ ತಿಳಿಸಿ. ಬಾಲ್ಯವನ್ನು ಮಕ್ಕಳ ಆಶ್ರಯಧಾಮಗಳಲ್ಲಿ ಕಳೆದ ಅವರನ್ನು ಹದಿಹರೆಯದಲ್ಲಿ ಸೇಂಟ್ ಲಾರೆನ್ಸ್ ಎಂಬ ದೊಡ್ಡ ಆಸ್ಪತ್ರೆಗೆ ಸೇರಿಸಲಾಯಿತು. ಸುಮಾರು ಎರಡು ದಶಕ ಅವರು ಅಲ್ಲಿದ್ದರು. ಹೊರಬಂದ ಮೇಲೆ, ಓದು ಬರಹ ಬಾರದ ಅವರು ತಮ್ಮ ಬದುಕನ್ನು ಓಪನ್ ಯೂನಿವರ್ಸಿಟಿಯ ಸಂಶೋಧಕಿ ಡೊರೊತಿ ಅಟ್ಕಿನ್‌ಸನ್ ಅವರಿಗೆ ಹೇಳಿದರು. ಬರಹರೂಪವನ್ನು ಅವರಿಗೆ ಓದಿ ಹೇಳಲಾಯಿತು. ತಮ್ಮ ಬಗ್ಗೆ ಅಧಿಕಾರಿಗಳು ಬರೆದಿಟ್ಟ ಹಳೆಯ ದಾಖಲೆಗಳನ್ನೂ ಅವರು ಹುಡುಕಿಸಿ ಕೇಳಿಸಿಕೊಂಡರು. ಅದೇ ವಿಶ್ವವಿದ್ಯಾಲಯ ಮುಂದೆ ಅವರಿಗೆ ಗೌರವ ಪದವಿ ನೀಡಿತು. ಸಾವಿರಾರು ಜನರಿದ್ದ ಇಂಥ ಸಂಸ್ಥೆಗಳೊಳಗಿನ ದಿನಚರಿ, ಸ್ವಂತದ್ದೆಂದು ಬಟ್ಟೆಯೂ ಇಲ್ಲದೆ ಬದುಕಿದ ರೀತಿ ಹೊರಗಿನವರಿಗೆ ತಿಳಿದದ್ದರಲ್ಲಿ ಅವರಂಥವರ ಮಾತಿನ ಪಾಲು ದೊಡ್ಡದು.

"ಯಾವ ವರ್ಷ?" ಎಂದು ಕೇಳುವ ಬದಲು "ಆಗ ನಿಮ್ಮ ಪಕ್ಕದ ಹಾಸಿಗೆಯಲ್ಲಿ ಯಾರಿದ್ದರು?", "ಬಾಗಿಲಿಗೆ ಬೀಗ ಹಾಕುತ್ತಿದ್ದವರು ಯಾರು?" ಎಂದು ಕೇಳಿ. ಹಳೆಯ ಛಾಯಾಚಿತ್ರ, ತಟ್ಟೆ, ಬೀಗದ ಕೈಗೊಂಚಲು, ಒಂದು ಪರಿಚಿತ ವಾಸನೆಯ ಸಾಬೂನು, ಇವು ಮುಚ್ಚಿದ ನೆನಪನ್ನು ತೆರೆಯುತ್ತವೆ. ಸಾಧ್ಯವಿದ್ದು ಅವರು ಬಯಸಿದರೆ ಹಳೆಯ ಕಟ್ಟಡದ ಬಳಿಗೆ ಹೋಗಿ ನಡೆಯುತ್ತ ಮಾತನಾಡಿ. ಬಯಸದಿದ್ದರೆ ಒತ್ತಾಯ ಬೇಡ. ಇಸವಿಗಳನ್ನು ದಾಖಲೆಗಳಿಂದ ಹೊಂದಿಸಿಕೊಳ್ಳುವುದು ನಿಮ್ಮ ಕೆಲಸ. ಇವರಲ್ಲಿ ಅನೇಕರಿಗೆ ದೊಡ್ಡವರು ಕೇಳಿದ್ದಕ್ಕೆಲ್ಲ ಹೌದೆನ್ನುವ ಅಭ್ಯಾಸವನ್ನು ಸಂಸ್ಥೆಗಳು ಹಾಕಿರುತ್ತವೆ. ಆದ್ದರಿಂದ ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನು ನೆಚ್ಚಬೇಡಿ. ಒಂದೇ ವಿಷಯವನ್ನು ಬೇರೆ ದಿನ, ಬೇರೆ ರೀತಿಯಲ್ಲಿ ಕೇಳಿ.

ಒಪ್ಪಿಗೆಯ ವಿಷಯದಲ್ಲಿ ನಾನು ಮೇಲ್ವಿಚಾರಕರನ್ನು ಒಪ್ಪುವುದಿಲ್ಲ. ಮೇಲೆ ಹೇಳಿದ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೇ ವಿಧಿಯು ಅಂಗವಿಕಲರಿಗೂ ಇತರರಷ್ಟೇ ಕಾನೂನುಬದ್ಧ ಸಾಮರ್ಥ್ಯವಿದೆ ಎಂದು ಹೇಳುತ್ತದೆ. ಅದನ್ನು ಬಳಸಲು ಬೇಕಾದ ನೆರವನ್ನು ಒದಗಿಸಬೇಕೆನ್ನುತ್ತದೆ. ಹಾಗಾಗಿ ಕಾನೂನಿನ ಭಾಷೆಯ ಎರಡು ಪುಟದ ಪತ್ರವನ್ನು ಬದಿಗಿಟ್ಟು, ಚಿಕ್ಕ ವಾಕ್ಯಗಳಲ್ಲಿ, ಚಿತ್ರಗಳೊಂದಿಗೆ ತಿಳಿಸಿ. ಒಂದೆರಡು ನಿಮಿಷ ಮುದ್ರಿಸಿ ಅವರಿಗೇ ಕೇಳಿಸಿ, "ಇದನ್ನು ನಿಮಗೆ ಗುರುತಿಲ್ಲದವರೂ ಕೇಳಬಹುದು, ನಿಮಗೆ ಸಮ್ಮತವೇ?" ಎಂದು ಕೇಳಿ. ಧ್ವನಿ ಹೊರಗೆ ಹೋಗುವುದೆಂದರೆ ಏನೆಂಬುದು ಆಗ ಕಣ್ಣೆದುರಿಗೇ ಬರುತ್ತದೆ. ಪ್ರತಿ ಭೇಟಿಯಲ್ಲೂ ಮತ್ತೆ ಕೇಳಿ. ಬಾಯಲ್ಲಿ ಬೇಡವೆನ್ನದೆ ಮುಖ ತಿರುಗಿಸುವುದು, ಎದ್ದು ಹೋಗುವುದು, ಮಾತು ಬದಲಿಸುವುದು ಕೂಡ ನಿರಾಕರಣೆಯೇ. ಪಾಲಕರ ಸಹಿ ಕಾನೂನಿನ ಪ್ರಕಾರ ಬೇಕಾದಲ್ಲಿ ಅದನ್ನೂ ಪಡೆಯಿರಿ, ಆದರೆ ಹಿರಿಯರು ಬೇಡವೆಂದ ಮೇಲೆ ಪಾಲಕರ ಸಹಿಯನ್ನು ತೋರಿಸಿ ಮುಂದುವರಿಯುವುದು ಸಲ್ಲದು. ನಿರಾಕರಿಸಿದರೆ ವಸತಿಗೃಹದಲ್ಲಿ ಅವರಿಗೆ ಯಾವ ತೊಂದರೆಯೂ ಆಗುವುದಿಲ್ಲವೆಂದು ಮೇಲ್ವಿಚಾರಕರ ಬಾಯಿಂದಲೇ ಅವರಿಗೆ ಹೇಳಿಸಿ.

ಪ್ರಶ್ನೆ: ಮಾತಿನ ನಡುವೆ ಹಿಂಸೆ, ಅವಮಾನದ ಸಂಗತಿಗಳು ಬಂದರೆ ಏನು ಮಾಡಬೇಕು? ಹಳೆಯ ಗಾಯವನ್ನು ಕೆದಕುವುದು ತಪ್ಪಲ್ಲವೇ?

ಉತ್ತರ: ಕೆದಕುವುದು ತಪ್ಪು. ಹೇಳಲು ಬಯಸಿದವರನ್ನು ತಡೆಯುವುದು ಇನ್ನೂ ದೊಡ್ಡ ತಪ್ಪು. ನಾಜಿ ಜರ್ಮನಿಯಲ್ಲಿ 1933ರ ಕಾನೂನಿನಡಿ ಸುಮಾರು 4 ಲಕ್ಷ ಜನರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. 1940 ಮತ್ತು 1941ರಲ್ಲಿ ಸಂಸ್ಥೆಗಳಲ್ಲಿದ್ದ 70 ಸಾವಿರಕ್ಕೂ ಹೆಚ್ಚು ಅಂಗವಿಕಲರನ್ನೂ ಮನೋರೋಗಿಗಳನ್ನೂ ಅನಿಲ ಕೋಣೆಗಳಲ್ಲಿ ಕೊಲ್ಲಲಾಯಿತು. ಶಸ್ತ್ರಚಿಕಿತ್ಸೆಗೆ ಒಳಗಾದ ಕಿವುಡರು ನಾಚಿಕೆಯಿಂದಲೂ ಭಯದಿಂದಲೂ ದಶಕಗಳ ಕಾಲ ಮೌನವಾಗಿದ್ದರು. ಕಿವುಡರ ಶಿಕ್ಷಕರಾಗಿದ್ದ ಹೋರ್ಸ್ಟ್ ಬೀಸೋಲ್ಡ್ ಆ ಕಿವುಡರ ಸಾಕ್ಷ್ಯಗಳನ್ನು ಸಂಗ್ರಹಿಸಿದಾಗಲೇ, ಮಕ್ಕಳನ್ನು ಈ ಶಸ್ತ್ರಚಿಕಿತ್ಸೆಗೆ ಒಪ್ಪಿಸುವಲ್ಲಿ ಕಿವುಡರ ಶಾಲೆಗಳ ಶಿಕ್ಷಕರೂ ಕೈಜೋಡಿಸಿದ್ದರೆಂಬುದು ಬಹಿರಂಗವಾಗಿ ಚರ್ಚೆಗೆ ಬಂತು. ಆ ನೋವು ಹೇಳಲ್ಪಡದಿದ್ದರೆ ಆ ಶಾಲೆಗಳ ಇತಿಹಾಸ ಶುಭ್ರವಾಗಿಯೇ ಉಳಿಯುತ್ತಿತ್ತು.

ಆದ್ದರಿಂದ ಅವರು ತಾವಾಗಿ ಆ ಕಡೆಗೆ ತಿರುಗಿದರೆ ಜೊತೆಗಿರಿ. ನಿಲ್ಲಿಸಲೇ, ಮುಂದುವರಿಸಲೇ ಎಂದು ಕೇಳಿ. ಮುದ್ರಣವನ್ನು ನಿಲ್ಲಿಸುವ ಗುಂಡಿ ಅವರ ಕೈಗೆಟಕುವಲ್ಲಿ ಇರಲಿ, ಕೈ ಬಳಸಲಾಗದವರೊಡನೆ ಒಂದು ಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮರುದಿನ ವಿಚಾರಿಸಿಕೊಳ್ಳಿ. ಆರೋಪಿಸಲಾದ ವ್ಯಕ್ತಿ ಬದುಕಿದ್ದರೆ ಆ ಭಾಗವನ್ನು ಪ್ರಕಟಿಸುವ ಮುನ್ನ ಕಾನೂನು ತಿಳಿದವರ ಸಲಹೆ ಪಡೆಯಿರಿ. ಹೇಳಿದವರು ಈಗಲೂ ಆ ಹಿಂಸೆ ಮಾಡಿದವರ ಆಸರೆಯಲ್ಲಿಯೇ ಇದ್ದರೆ ಅವರ ಸುರಕ್ಷತೆ ಮೊದಲು, ದಾಖಲೆ ಆಮೇಲೆ.

ಪ್ರಶ್ನೆ: ನಾನು ಅಂಧ. ನನ್ನನ್ನು ಸಂದರ್ಶಿಸಿದವರೊಬ್ಬರು ಒಂದು ಕಾಗದಕ್ಕೆ ಹೆಬ್ಬೆರಳು ಒತ್ತಿಸಿಕೊಂಡು ಹೋದರು. ಆಮೇಲೆ ಏನಾಯಿತೆಂದು ಗೊತ್ತಿಲ್ಲ. ನನಗೆ ಕೇಳುವ ಹಕ್ಕಿದೆಯೇ?

ಉತ್ತರ: ಖಂಡಿತ ಇದೆ. ಓದಲಾಗದ ಕಾಗದಕ್ಕೆ ಒತ್ತಿದ ಹೆಬ್ಬೆರಳನ್ನು ಒಪ್ಪಿಗೆ ಎನ್ನಲಾಗದು. ಒಪ್ಪಿಗೆಯ ಪಠ್ಯವನ್ನು ಬ್ರೈಲ್‌ನಲ್ಲೋ, ಪರದೆ ಓದುವ ತಂತ್ರಾಂಶಕ್ಕೆ ಹೊಂದುವ ಕಡತವಾಗಿಯೋ, ಧ್ವನಿಯಾಗಿಯೋ ಮುಂಚಿತವಾಗಿ ಕೊಟ್ಟು, ನಿಮ್ಮ ಒಪ್ಪಿಗೆಯನ್ನು ನಿಮ್ಮದೇ ಮಾತಿನಲ್ಲಿ ಮುದ್ರಿಸಿಕೊಳ್ಳಬೇಕಾಗಿತ್ತು. ಅವರನ್ನು ಸಂಪರ್ಕಿಸಿ ಮೂರು ವಿಷಯ ಕೇಳಿ: ಮುದ್ರಣದ ಪ್ರತಿ ನಿಮಗೆ ಬೇಕು, ಅದು ಎಲ್ಲಿದೆ, ಯಾರು ಕೇಳಬಲ್ಲರು ಎಂದು ತಿಳಿಯಬೇಕು, ನಿಮಗೆ ಬೇಡವೆನಿಸಿದ ಭಾಗವನ್ನು ತೆಗೆಯುವ ಅಥವಾ ಕೆಲವು ಕಾಲ ಮುಚ್ಚಿಡುವ ಅವಕಾಶ ಬೇಕು. ಛಾಯಾಚಿತ್ರ, ವಿಡಿಯೊ ತೆಗೆದಿದ್ದರೆ ಅದರಲ್ಲಿ ಏನೇನು ಕಾಣುತ್ತದೆಂದು ವಿವರಿಸಿ ಹೇಳುವಂತೆ ಕೇಳಿ. ಕೋಣೆಯ ಗೋಡೆ, ನಿಮ್ಮ ಉಡುಪು, ಹಿಂದೆ ನಿಂತವರು ಎಲ್ಲವೂ ನಿಮಗೆ ತಿಳಿದಿರಬೇಕು.

ಸಂದರ್ಶನ ಮಾಡುವ ಇತರ ಓದುಗರಿಗೂ ಇದೇ ಸಂದರ್ಭದಲ್ಲಿ ಹೇಳುವುದಿದೆ. ಅಂಗವಿಕಲರ ನೆನಪುಗಳ ಸಂಗ್ರಹವನ್ನು ಅಂಗವಿಕಲರೇ ಬಳಸಲಾಗದಂತೆ ಇಡುವುದು ಅನ್ಯಾಯ. ಧ್ವನಿಗೆ ಬರಹರೂಪವಿರಲಿ, ವಿಡಿಯೊಗೆ ಅಡಿಬರಹವೂ ದೃಶ್ಯವಿವರಣೆಯೂ ಇರಲಿ, ಸರಳ ಭಾಷೆಯ ಸಾರಾಂಶವೊಂದಿರಲಿ. ಪಿಡಿಎಫ್ ಕಡತವನ್ನು ಚಿತ್ರವಾಗಿ ಸ್ಕ್ಯಾನ್ ಮಾಡಿ ಇಟ್ಟರೆ ಪರದೆ ಓದುವ ತಂತ್ರಾಂಶಕ್ಕೆ ಅದು ಖಾಲಿ ಪುಟ.

ಪ್ರಶ್ನೆ: ಪೋಲಿಯೊದಿಂದಾಗಿ ನನ್ನ ಎರಡೂ ಕಾಲುಗಳಿಗೆ ಬಲವಿಲ್ಲ. ಒಂದು ಸಂಗ್ರಹಕ್ಕಾಗಿ ನನ್ನ ಕಥೆ ಹೇಳುವಂತೆ ಕೇಳಿದ್ದಾರೆ. ನಾನು ಯಾವ ಪದಕವನ್ನೂ ಗೆದ್ದಿಲ್ಲ, ಬೆಟ್ಟ ಹತ್ತಿಲ್ಲ. ಗುಮಾಸ್ತೆಯಾಗಿ ದುಡಿದು ನಿವೃತ್ತಳಾದೆ. ಹೇಳುವುದಕ್ಕೆ ನನ್ನಲ್ಲಿ ಏನಿದೆ?

ಉತ್ತರ: ಪದಕ ಗೆದ್ದವರ ಕಥೆಗಳು ಈಗಾಗಲೇ ಪತ್ರಿಕೆಗಳಲ್ಲಿವೆ. ಇಲ್ಲದಿರುವುದು ನಿಮ್ಮದು. ಗುಮಾಸ್ತೆಯಾಗಿ ದುಡಿದಿರಿ ಎಂದು ಒಂದೇ ಮಾತಿನಲ್ಲಿ ಬರೆದಿದ್ದೀರಿ; ಆ ಹುದ್ದೆಗೆ ಅರ್ಜಿ ಹಾಕಿದಾಗ ಏನೆಂದರು, ಕಚೇರಿ ಯಾವ ಮಹಡಿಯಲ್ಲಿತ್ತು, ಮೆಟ್ಟಿಲು ಹೇಗೆ ಹತ್ತುತ್ತಿದ್ದಿರಿ, ದಿನವಿಡೀ ನೀರು ಕುಡಿಯದೆ ಇರುವ ಉಪಾಯವನ್ನು ಶೌಚಾಲಯ ದೂರವಿದ್ದ ಕಾರಣಕ್ಕೆ ನೀವೂ ಮಾಡಬೇಕಾಯಿತೇ, ಬಡ್ತಿಯ ಸಮಯದಲ್ಲಿ ನಿಮ್ಮ ಹೆಸರು ಎಲ್ಲಿತ್ತು, ಯಾವ ಸಹೋದ್ಯೋಗಿ ಸ್ನೇಹಿತೆಯಾದರು, ಈ ಒಂದೊಂದೂ ಒಂದು ಮಧ್ಯಾಹ್ನದ ಮಾತಿಗೆ ಸಾಕಾಗುವಷ್ಟಿದೆ. ಪರಿಣಾಮಕಾರಿ ಲಸಿಕೆಯ ಸುದ್ದಿ ಜಗತ್ತಿಗೆ ತಿಳಿದದ್ದು 1955ರಲ್ಲಿ. ಲಸಿಕೆ ವ್ಯಾಪಕವಾಗಿ ತಲುಪಿದ ಕಡೆಗಳಲ್ಲಿ ಪೋಲಿಯೊ ಬಂದು ಬದುಕಿದ ತಲೆಮಾರು ಈಗ ಮುಪ್ಪಿನಲ್ಲಿದೆ. ಆ ರೋಗವನ್ನು ಒಳಗಿನಿಂದ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊಗೆ ತುತ್ತಾಗಿ 1962ರಲ್ಲಿ ಬರ್ಕ್ಲಿಗೆ ಓದಲು ಬಂದ, ಮುಂದೆ ಅಂಗವಿಕಲರ ಚಳವಳಿಯ ನಾಯಕರಾದ ಎಡ್ ರಾಬರ್ಟ್ಸ್ ಅವರು ವಿಶ್ವವಿದ್ಯಾಲಯದ ಆಸ್ಪತ್ರೆಯ ಕೋಣೆಯನ್ನೇ ವಸತಿಯಾಗಿ ಮಾಡಿಕೊಂಡು ಓದಿದರೆಂಬುದು ಎಲ್ಲ ಕಡೆ ಬರೆಯಲ್ಪಟ್ಟಿದೆ. ಅವರಂತೆಯೇ ಓದಿ, ದುಡಿದು, ಮನೆ ನಡೆಸಿ, ಯಾರ ಗಮನಕ್ಕೂ ಬಾರದೆ ಹೋದ ಲಕ್ಷಾಂತರ ಜನರ ಬದುಕು ಬರೆಯಲ್ಪಟ್ಟಿಲ್ಲ.

ಸಂದರ್ಶಕರು ನಿಮ್ಮಿಂದ ಛಲದ ಕಥೆಯನ್ನೇ ನಿರೀಕ್ಷಿಸಿ "ಇಷ್ಟೆಲ್ಲವನ್ನೂ ಹೇಗೆ ಗೆದ್ದಿರಿ?" ಎಂದು ಕೇಳುತ್ತ ಹೋದರೆ, ಗೆಲ್ಲದೆ ಬಿಟ್ಟದ್ದರ ಬಗ್ಗೆಯೂ ಹೇಳುತ್ತೇನೆ ಎನ್ನಿ. ಬೇಸರವೂ ಕೋಪವೂ ಸಾಮಾನ್ಯ ಸುಖಗಳೂ ಅದರಲ್ಲಿರಲಿ. ಪೋಲಿಯೊ ಬಂದವರಲ್ಲಿ ದಶಕಗಳ ನಂತರ ಹೊಸ ನಿಶ್ಶಕ್ತಿ, ಸುಸ್ತು ಕಾಣಿಸಿಕೊಳ್ಳುವುದುಂಟು. ನಿಮಗೂ ಹಾಗಿದ್ದರೆ ಬೆಳಗಿನ ಹೊತ್ತನ್ನು ಆರಿಸಿಕೊಂಡು, ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಲಾರೆನೆಂದು ಮೊದಲೇ ತಿಳಿಸಿ. ಹಳೆಯ ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟುವ ಪಟ್ಟಿ), ಬೂಟು, ನೇಮಕಾತಿ ಪತ್ರ ಉಳಿದಿದ್ದರೆ ಹತ್ತಿರವಿಟ್ಟುಕೊಳ್ಳಿ. ಯಾರಿಗೆ, ಯಾವಾಗಿನಿಂದ ಇದನ್ನು ಕೇಳಲು ಅವಕಾಶವಿರಬೇಕೆಂಬುದನ್ನು ಮೊದಲ ದಿನವೇ ನಿಮ್ಮ ಧ್ವನಿಯಲ್ಲಿಯೇ ಮುದ್ರಿಸಿಬಿಡಿ.